ಶಾಹೀನ್ ಹೆಸರಿನ ನಿಯಮ

ಶಾಹೀನ್, ಅಂದು ಎಲ್ಲರ ಕೆಲಸ ನಿಂತದ್ದು ನಿಮ್ಮ ಕೋಡಿನಿಂದಲ್ಲ — ನನ್ನ ಪ್ಲಗಿನ್ನಿನಿಂದ. ಅದು ನನಗೆ ಅವತ್ತೇ ಸಂಜೆ ಗೊತ್ತಾಗಿತ್ತು.

ಕೋಡ್ ಬರೆಯುವ ಎಡಿಟರಿಗೆ ಜೋಡಿಸುವ ಆ ಪುಟ್ಟ ಪ್ರೋಗ್ರಾಮು, ಆ ಪ್ಲಗಿನ್, ನನ್ನ ಕೂಸು. ಎರಡಕ್ಷರ ಒತ್ತಿದರೆ ಸಾಕು, ಮುಂದೆ ಬರೆಯಬೇಕಾದ ಕೋಡನ್ನು ಎಡಿಟರಿನಲ್ಲಿ ತಾನೇ ಸೂಚಿಸುತ್ತಿತ್ತು. ಬೀದರಿನ ನಮ್ಮ ಪುಟ್ಟ ಆಫೀಸಿನಲ್ಲಿ ಕೂತು ನಾನೊಬ್ಬನೇ ಬರೆದದ್ದು, ಎಲ್ಲರೂ ಬಳಸುತ್ತಿದ್ದದ್ದು. ಹೈದರಾಬಾದಿನ ಮುಖ್ಯ ಕಚೇರಿಯಿಂದ ಬಂದವರೂ ಬೆನ್ನು ತಟ್ಟಿ ಹೋಗಿದ್ದರು. ಆ ಹೆಮ್ಮೆ ಇವತ್ತಿಗೂ ಇಳಿದಿಲ್ಲ, ಸುಳ್ಳೇಕೆ ಹೇಳಲಿ?

ಕೃಷಿ ಮಾರುಕಟ್ಟೆಗಳ ಪ್ರಾಜೆಕ್ಟ್ ಬೆಳೆದು ಸಾವಿರಾರು ಫೈಲುಗಳಾದಾಗ ಸೂಚನೆ ಬರುವುದು ನಿಧಾನವಾಯಿತು. ಅಕ್ಷರ ಒತ್ತಿ, ಚಹಾ ಕುಡಿದು ಬಂದರೂ ಪರದೆ ಮಿಸುಕುತ್ತಿರಲಿಲ್ಲ. ಹೊಸದಾಗಿ ಸೇರಿದ್ದ ನಿಮ್ಮ ಫೈಲ್ ಎಲ್ಲಕ್ಕಿಂತ ಉದ್ದವಿತ್ತು. ಎಲ್ಲರೆದುರು ಅದನ್ನೇ ತೋರಿಸಿ ಅಂದೆ — "ಇದ್ರಿಂದೇ ಎಲ್ಲಾರ ಕೆಲಸ ನಿಂತದ ನೋಡ್ರಿ."

"ಮಾಫ್ ಮಾಡ್ರಿ ಸರ್, ಒಡದು ಸಣ್ಣದ್ ಮಾಡಿ ತರ್ತೇನಿ ರಿ," ಅಂದು ನೀವು ತಲೆ ತಗ್ಗಿಸಿದಿರಿ.

ಸಂಜೆ ನೀವು ಊರಿಗೆಂದು ಔರಾದದ ಬಸ್ಸಿಗೆ ಹೋದ ಮೇಲೆ ಸುಮ್ಮನೆ ನನ್ನ ಪ್ಲಗಿನ್ ಬಂದ್ ಮಾಡಿ ನೋಡಿದೆ. ಎಡಿಟರ್ ಚುರುಕಾಯಿತು! ಒಂದೊಂದು ಅಕ್ಷರಕ್ಕೂ ಅದು ಇಡೀ ಪ್ರಾಜೆಕ್ಟನ್ನು ಮೊದಲಿನಿಂದ ಓದುತ್ತಿತ್ತು — ಒಮ್ಮೆ ಓದಿ ನೆನಪಿಟ್ಟುಕೊಳ್ಳುವುದನ್ನು ನಾನು ಕಲಿಸಿರಲೇ ಇಲ್ಲ. ಸದ್ದಿಲ್ಲದೆ ಸರಿಪಡಿಸಿದೆ. ನೀವು ಫೈಲ್ ಒಡೆದು ತಂದ ದಿನ ಎಲ್ಲವೂ ಸರಾಗವಾಗಿತ್ತು. "ನಾ ಹೇಳಿದ್ದೇ ಖರೆ ಆಯ್ತಲ್ಲ?" ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನೀವೂ ಕೂಡ.

ಅಂದಿನಿಂದ ಉದ್ದದ ಫೈಲ್ ಬರೆಯಬಾರದೆಂಬುದಕ್ಕೆ ಆಫೀಸಿನಲ್ಲಿ 'ಶಾಹೀನ್ ನಿಯಮ' ಎಂದೇ ಹೆಸರು. ನೀವೂ ನಗುತ್ತಿದ್ದಿರಿ. ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚಿದರೂ ನಾನೂ ನಕ್ಕೆ.

ಇವತ್ತು ಆ ಪ್ರಾಜೆಕ್ಟನ್ನು ನಿಮ್ಮಷ್ಟು ಬಲ್ಲವರು ಯಾರೂ ಇಲ್ಲ. ನಿಮಗೆ ಕೆಲಸ ಕಲಿಸಿದವನು ನಾನು ಎಂದು ಊರಿಗೆ ಹೋದಾಗ ಭಾಲ್ಕಿಯ ಸ್ಟೇಷನ್ನಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ. ಅದಕ್ಕೇ ಇಡೀ ತಂಡ ವಹಿಸಿಕೊಳ್ಳಿ ಅಂದದ್ದು. ನೀವು ಹೇಳಿದಿರಿ — "ನಾ ಬ್ಯಾಡ್ರಿ ಸರ್. ಒಮ್ಮಿ ನನ್ನಿಂದ ಎಲ್ಲಾರ ಕೆಲಸ ನಿಂತಿತ್ತಲ್ರಿ, ಮತ್ತ ಹಂಗಾಗೋದು ಬ್ಯಾಡ."

ಇಷ್ಟು ವರ್ಷ ಆ ಮಾತನ್ನು ನೀವು ಹೊತ್ತುಕೊಂಡೇ ಬಂದಿದ್ದೀರಿ.

ಸರಿಪಡಿಸುವ ಮೊದಲಿನ ಆ ಹಳೆಯ ಪ್ಲಗಿನ್ನನ್ನು ನಾನು ಅಳಿಸಿಲ್ಲ. ಹೆಮ್ಮೆಯಿಂದ ಇಟ್ಟುಕೊಂಡಿದ್ದೆ. ನಾಳೆ ಎಲ್ಲರೆದುರು ಅದನ್ನೇ ಚಾಲೂ ಮಾಡುತ್ತೇನೆ. ಅದು ತೆವಳುವುದನ್ನು ಎಲ್ಲರೂ ನೋಡಲಿ. ನಿಯಮಕ್ಕೆ ನನ್ನ ಹೆಸರಿಡಲಿ. ಕ್ಷಮೆ ಕೇಳುವ ಮುಖ ನನಗಿಲ್ಲ. ತಂಡ ಬೇಕೋ ಬೇಡವೋ ಎಂಬುದನ್ನು ಮಾತ್ರ ನಾಳೆ ಇನ್ನೊಮ್ಮೆ ಹೇಳಿ.