ಹೆಪ್ಪುಗಟ್ಟಿದ ಲಸಿಕೆ

ಗಲ್ಲಿಯ ತಾಯಂದಿರು ಹಟಮಾರಿ ಮಕ್ಕಳಿಗೆ ಅವಳ ಹೆಸರು ಹೇಳಿಯೇ ಹೆದರಿಸುತ್ತಿದ್ದರು: "ಸುಮ್ನಿರ್ತೀಯೋ, ಸೂಜಿಯಕ್ಕನ್ನ ಕರೀಲೋ?" ಆರೋಗ್ಯ ಕೇಂದ್ರದ ಆ ನರ್ಸು ನಗುತ್ತಿದ್ದಳು. ಮಕ್ಕಳು ಹೆದರಲಿ, ದೊಡ್ಡವರು ಹೆದರದಿದ್ದರೆ ಸಾಕು.

ದರ್ಜಿಯ ಮನೆಯಲ್ಲಿ ಹೆದರಿದ್ದವನು ಮಗುವಿನ ಅಪ್ಪ, ದರ್ಜಿಯೇ. ನರ್ಸು ಅವನ ಹೊಸ್ತಿಲು ಸವೆಸಿ, "ಏನಾದ್ರೂ ಆದ್ರೆ ನಾನಿದ್ದೀನಿ" ಎಂದು ಮಾತು ಕೊಟ್ಟ ಮೇಲೆಯೇ ಅವನು ಹಸುಗೂಸು ಮಗಳಿಗೆ ನಾಯಿಕೆಮ್ಮಿನ ಲಸಿಕೆ ಹಾಕಿಸಿದ್ದು.

ಆ ದಿನ ಧಗೆ ವಿಪರೀತವಿತ್ತು. ಮಂಜುಗಡ್ಡೆಯ ಪೊಟ್ಟಣಗಳನ್ನು ಅವುಗಳ ಮೈ ಬೆವರುವವರೆಗೆ ಹೊರಗಿಟ್ಟು, ಆಮೇಲೆ ಲಸಿಕೆಯ ಪೆಟ್ಟಿಗೆಗೆ ತುಂಬುವುದು ನಿಯಮ. ಬಿಸಿಲಿಗೆ ಕೆಟ್ಟೀತೆಂಬ ಅತಿ ಕಾಳಜಿಯಲ್ಲಿ ಅವಳು ಕಲ್ಲಿನಂತಿದ್ದ ಪೊಟ್ಟಣಗಳನ್ನೇ ಸೀಸೆಗಳ ಸುತ್ತ ಒತ್ತಿಟ್ಟಳು. ಆದರೆ ಈ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ, ಕರಗಿದ ಮೇಲೂ ಅದರ ಶಕ್ತಿ ಮರಳುವುದಿಲ್ಲ.

ಅದೇ ದಿನ ಲಸಿಕೆ ಹಾಕಿಸಿಕೊಂಡ ಮಗುವಿದ್ದ ಗಲ್ಲಿಯ ತುದಿಯ ಮನೆಯಿಂದ ಉಸಿರುಕಟ್ಟಿಸುವ, ಊಳಿಡುವಂಥ ಕೆಮ್ಮು ಕೇಳತೊಡಗಿದಾಗ ಅವಳಿಗೆ ಅನುಮಾನ ಬಂತು. ಅಂದು ತೆರೆಯದೆ ಉಳಿದಿದ್ದ ಸೀಸೆಯೊಂದನ್ನು ಕುಲುಕಿ ಮೇಜಿನ ಮೇಲಿಟ್ಟಳು. ಹಾಲಿನಂತೆ ನಿಲ್ಲಬೇಕಾದದ್ದು ಒಡೆದು, ಚೂರುಚೂರಾಗಿ ತಳ ಸೇರಿತು.

"ಇನ್ನೊಂದು ಡೋಸ್ ಅಂತ ಹಾಕ್ಬಿಡಿ," ಎಂದರು ಡಾಕ್ಟರು. "ಕಾರಣ ಹೇಳೋಕೆ ಹೋದ್ರೆ ಇನ್ನು ಯಾರೂ ಬಾಗಿಲು ತೆಗೆಯಲ್ಲ. ಆಮೇಲೆ ಸಾಯೋ ಮಕ್ಕಳಿಗೆ ಯಾರಮ್ಮ ಹೊಣೆ?"

ತಳ್ಳಿಹಾಕುವ ಮಾತಾಗಿರಲಿಲ್ಲ ಅದು. ದಾರಿಯುದ್ದಕ್ಕೂ ಅವಳು ಅದನ್ನು ಒಪ್ಪಿಕೊಂಡೇ ಬಂದಳು.

ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದ. "ಮತ್ತೆ ಯಾಕಕ್ಕಾ? ಹೋದ ಸಲದ್ದು ಸಾಲ್ಲಿಲ್ವಾ?"

ಅವನ ಮುಖ ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ. "ಹೋದ ಸಲದ್ದು ಕೆಟ್ಟಿತ್ತು ಕಣಪ್ಪಾ. ಕೆಡಿಸಿದ್ದು ನಾನೇ."

ಪಕ್ಕದ ಮನೆಯ ಕಿಟಕಿ ಮೆಲ್ಲಗೆ ಮುಚ್ಚಿಕೊಂಡಿತು.

"ನಾನೂ ಸೂಜಿ ಹಿಡಿಯೋನೇ," ಎಂದ ದರ್ಜಿ. "ಕೈ ತಪ್ಪಿದ್ರೆ ಹೊಲಿಗೆ ಬಿಚ್ತೀನಿ. ನೀವೇನು ಬಿಚ್ತೀರಿ?"

"ಮಗೂಗೆ ಅದ್ರಿಂದ ಕೆಡುಕಾಗಿಲ್ಲ. ರಕ್ಷಣೇನೂ ಸಿಕ್ಕಿಲ್ಲ, ಅಷ್ಟೇ. ಅದಕ್ಕೇ ಮತ್ತೆ..."

"ಇವತ್ತಿಂದು ಸರಿಯಿದೆ ಅಂತ ಯಾವ ಬಾಯಲ್ಲಿ ಹೇಳ್ತೀರಿ?" ಅವನು ಚೌಕಟ್ಟಿಗೆ ಕೈ ಅಡ್ಡ ಹಿಡಿದ.

ಒಳಗಿನಿಂದ ಅವನ ಹೆಂಡತಿ, "ರೀ, ಬೆಳಗ್ಗೆಯಿಂದ ಇವಳು ಒಂಥರಾ ಕೆಮ್ತಿದ್ದಾಳೆ" ಎಂದಳು. ಮಗು ಕೆಮ್ಮಿತು. ಮತ್ತೆ ಕೆಮ್ಮಿತು, ಈ ಸಲ ನಿಲ್ಲಲಿಲ್ಲ.

ನರ್ಸು ಪೆಟ್ಟಿಗೆ ಕೆಳಗಿಟ್ಟಳು. "ಸೂಜಿ ಬೇಡ. ಈಗ್ಲೇ ಆಸ್ಪತ್ರೆಗೆ ನಡೀರಿ."

ದರ್ಜಿ ಕೈ ಇಳಿಸಲಿಲ್ಲ. ಹೆಂಡತಿ ನೀಲಿಗಟ್ಟುತ್ತಿದ್ದ ಮಗುವನ್ನು ಎದೆಗವಚಿಕೊಂಡು, ಆ ಕೈಯ ಕೆಳಗಿಂದಲೇ ನುಸುಳಿ ಹೊರಗೆ ಓಡಿದಳು.