ಗೆರಟೆಯ ಗೂಡಿನಲ್ಲಿ ಕಪ್ಪೆಬಾಯಿ ಹಕ್ಕಿ

ಆ ವರ್ಷ ನಮಗೆ ಹಕ್ಕಿಗಳು ಕಣ್ತುಂಬ ನೋಡಲು ಸಿಕ್ಕಿದವು. ಮರ್ಕಂಜದಲ್ಲಿ ಮಂಗಟ್ಟೆ ಜೋಡಿಯೊಂದು ತಲೆಯ ಮೇಲೆಯೇ ಹಾರಿ ಹೋಯಿತು. ನಾನು ಪುತ್ತೂರಿನಲ್ಲಿ ವಿಜ್ಞಾನದ ಟೀಚರ್. ಕುಂಬ್ರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಬ್ಯಾರಿ ಕಾಕ ಹಕ್ಕಿ ನೋಡುವ ನನ್ನ ಭಾನುವಾರಗಳ ಜೊತೆಗಾರರು. ಅವರು ಗಲ್ಫಿನಿಂದ ಬರುವಾಗ ಚಿನ್ನದ ಬದಲು ಬೈನಾಕ್ಯುಲರ್ ತಂದವರು.

ಬೇಸಗೆಯಲ್ಲಿ ಕಡಬದ ಚೇಚಿ ಫೋನ್ ಮಾಡಿದರು. ಕೇರಳದಿಂದ ಬಂದು ನೆಲೆಸಿದ ಕುಟುಂಬದವರು, ಅದಕ್ಕೇ ನಮಗೆಲ್ಲ ಅಕ್ಕ ಅಲ್ಲ, ಚೇಚಿ; ರಬ್ಬರ್ ತೋಟವನ್ನು ಒಬ್ಬರೇ ನೋಡಿಕೊಳ್ಳುತ್ತಾರೆ.

"ಟೀಚರೆ, ಒಂದು ಹಕ್ಕಿ ನಿನ್ನೆಯಿಂದ ಕೂತಲ್ಲೇ ಉಂಟು. ಸತ್ತಿದೆಯಾ ಅಂತ ಹತ್ತಿರ ಹೋದೆ. ಒಂದು ಕಣ್ಣು ಬಿಟ್ಟು ನೋಡಿ ಪುನಃ ಮುಚ್ಚಿತು!"

ಹೋಗಿ ನೋಡಿದೆವು. ರಬ್ಬರ್ ಮರದ ತಗ್ಗಿನ ಕವಲಿನ ಪುಟ್ಟ ಗೂಡಿನಲ್ಲಿ ಒಣಗಿದ ಕೊರಡಿನಂತೆ ಕೂತಿದ್ದದ್ದು ಗಂಡು ಕಪ್ಪೆಬಾಯಿ ಹಕ್ಕಿ. ಹಗಲಿಡೀ ಮೊಟ್ಟೆಗೆ ಕಾವು ಕೊಡುವುದು ಗಂಡು ಎಂದು ನಾನು ಹೇಳಿದಾಗ ಚೇಚಿ ಜೋರಾಗಿ ನಕ್ಕರು. "ಇಂಥ ಗಂಡಸರೂ ಉಂಟಾ!" ಎಂದವರು ಆ ಸಾಲಿನ ಮರಗಳಿಂದ ಹಾಲು ತೆಗೆಯುವ ಟ್ಯಾಪಿಂಗನ್ನೇ ನಿಲ್ಲಿಸಿದರು.

ಮೊಟ್ಟೆ ಒಡೆದು ಬಿಳಿ ತುಪ್ಪಳದ ಮರಿ ಬಂತು. ಅದು ಇನ್ನೂ ಹಾರಲು ಕಲಿಯುವ ಮೊದಲೇ ಒಂದು ಸಂಜೆ ಗಾಳಿಮಳೆ ಬಡಿಯಿತು. ಬೆಳಿಗ್ಗೆ ಚೇಚಿ ಮತ್ತೆ ಫೋನ್ ಮಾಡಿದರು: "ಗೂಡು ಹರಿದು ಹೋಗಿದೆ. ಮರಿ ಕೆಳಗೆ ಬಿದ್ದಿದೆ. ಜೀವ ಉಂಟು. ಬುಟ್ಟಿ ಕವುಚಿ ಇಟ್ಟಿದ್ದೇನೆ."

ಕಾಕನ ಸ್ಕೂಟರಿನಲ್ಲಿ ಹೊರಟೆವು. ಅಪ್ಪಹಕ್ಕಿ ಪಕ್ಕದ ಕೊಂಬೆಯಲ್ಲೇ ಇತ್ತು. ಅದನ್ನು ಕಂಡದ್ದೇ, ಮರಿಯನ್ನು ಬಿಟ್ಟು ಹೋಗಿರಬಹುದೆಂಬ ನನ್ನ ಅನುಮಾನ ಕಳೆಯಿತು.

"ಚೇಚಿ, ತೆಂಗಿನಕಾಯಿಯ ಒಂದು ಅರ್ಧ ಗೆರಟೆ ಕೊಡಿ. ತೆಂಗಿನ ನಾರು ಕೂಡ."

"ಎಂತ ಮಾಡುದು ಟೀಚರೆ?" ಕಾಕ ಕೇಳಿದರು. "ಮನುಷ್ಯರು ಮುಟ್ಟಿದ ಮರಿಯನ್ನು ಅವು ಹತ್ತಿರ ಸೇರಿಸುದಿಲ್ಲ ಅಂತ ಹೇಳ್ತಾರಲ್ಲ?"

"ಅದು ಸುಳ್ಳು ಕಾಕ. ಮರಿ ಕೂಗಿದರೆ ಅಪ್ಪಹಕ್ಕಿ ಬಂದೇ ಬರ್ತದೆ. ನೀವು ಏಣಿ ಹತ್ತಿ."

ನೀರು ನಿಲ್ಲದಂತೆ ಗೆರಟೆಗೆ ತೂತು ಕೊರೆದೆವು. ಒಳಗೆ ನಾರು ಹಾಸಿ, ಅದರ ಮೇಲೆ ಹರಿದ ಗೂಡಿನ ಚೂರುಗಳನ್ನು ಹರಡಿದೆ. ಕಾಕ ಅದನ್ನು ಹಳೆಯ ಕವಲಿಗೇ ಬಿಗಿದು ಕಟ್ಟಿ ಮರಿಯನ್ನು ಕೂರಿಸಿದರು. ಆಮೇಲೆ ಮೂವರೂ ಜಗಲಿಗೆ ಬಂದು ಕೂತೆವು. ಚೇಚಿ ಕೊಟ್ಟ ಹಾಲಿಲ್ಲದ ಕಟ್ಟಂಚಾಯ ಲೋಟದಲ್ಲೇ ತಣ್ಣಗಾಯಿತು. ಬೈನಾಕ್ಯುಲರ್ ನನ್ನ ಕೈಯಲ್ಲಿತ್ತು. ಮರಿ ಸಣ್ಣಗೆ ಕೂಗಿತು. ಅಪ್ಪಹಕ್ಕಿ ಕೊಂಬೆಯ ಮೇಲೆ ಸ್ವಲ್ಪ ಸ್ವಲ್ಪವೇ ಸರಿಯುತ್ತಾ ಬಂತು. ಗೆರಟೆಯ ಅಂಚಿನಲ್ಲಿ ಒಮ್ಮೆ ನಿಂತು, ಮರಿಯನ್ನು ಎದೆಯಡಿಗೆ ಎಳೆದುಕೊಂಡು ಕಣ್ಣು ಮುಚ್ಚಿತು.

"ಕೂತಿತು ಮಾರಾಯ್ರೆ!" ಕಾಕನ ಕಣ್ಣು ಒದ್ದೆಯಾಗಿತ್ತು.

ಸುದ್ದಿ ಹೇಗೋ ಹಬ್ಬಿ, ಉದ್ದ ಲೆನ್ಸಿನ ಕ್ಯಾಮೆರಾದವರು ಕಾರಿನಲ್ಲಿ ಬಂದರಂತೆ. ಚೇಚಿ ಗೇಟಿಗೆ ಅಡ್ಡ ನಿಂತು, "ಇಲ್ಲಿ ಬಾಣಂತನ ನಡೀತಾ ಉಂಟು. ಆಮೇಲೆ ಬನ್ನಿ," ಎಂದು ವಾಪಸ್ ಕಳಿಸಿದರು.

ಮಳೆಗಾಲ ಹಿಡಿಯುವ ಮೊದಲೇ ಮರಿ ಗೆರಟೆ ಬಿಟ್ಟು ಹಾರಿತು. ಕೊನೆಯ ಸಲ ನೋಡಿದಾಗ ಬೂದು ಬಣ್ಣದ ಅಪ್ಪ, ಕೆಂಗಂದು ಅಮ್ಮ ಒಂದೇ ಕೊಂಬೆಯಲ್ಲಿ ಒತ್ತಿಕೊಂಡು ಕೂತಿದ್ದರು. ನಡುವೆ ಮರಿ ಗಾಢ ನಿದ್ದೆಯಲ್ಲಿತ್ತು.