ಅಕ್ಕ ಗೆಂಟ್‌ನಲ್ಲಿ ಕೂತು ಉಂಡದ್ದು

ಪ್ರವಾಸಕ್ಕೆ ಹೊರಡುವ ಮುಂಚೆ ಜನ ಆ ಊರಿನ ಚರಿತ್ರೆ ಓದಿಕೊಳ್ಳುತ್ತಾರಂತೆ. ನಾನು ಮೆನು ಓದುತ್ತೇನೆ. ಕೋಟೆಯನ್ನು ಯಾವ ದೊರೆ ಕಟ್ಟಿಸಿದ, ಚರ್ಚಿನ ಗೋಪುರ ಎಷ್ಟು ಎತ್ತರ ಎಂಬುದೆಲ್ಲ ಅಲ್ಲಿಗೆ ಹೋದ ಮೇಲೆ ಹೇಗೂ ತಿಳಿಯುತ್ತದೆ. ನೂರಾರು ವರ್ಷ ಒಂದೇ ಕಡೆ ನಿಂತಿರುವ ಅವು ನಾನು ಬರುವ ದಿನವೇ ಎದ್ದು ಹೋಗಲಾರವು. ಊಟ ಹಾಗಲ್ಲ. ಅಡುಗೆಮನೆ ಮುಚ್ಚಿತೆಂದರೆ ಮುಚ್ಚಿತು. ಆಮೇಲೆ ಆ ಊರಿನ ಚರಿತ್ರೆಯ ಮೇಲೆಲ್ಲ ನನಗೆ ಸಿಟ್ಟು ಬರುತ್ತದೆ.

ಇದು ಹುಟ್ಟುಗುಣವೋ ಮಲೇಶಿಯಾದಲ್ಲಿ ಅಂಟಿಕೊಂಡದ್ದೋ ಹೇಳುವುದು ಕಷ್ಟ. ನಾನು ಉಡುಪಿಯವನು. ಕೆಲಸ ಕ್ಲಾಂಗ್ ಬಂದರಿನಲ್ಲಿ, ಹಡಗುಗಳಿಗೆ ಸರಕು ಹತ್ತಿಸುವ ಇಳಿಸುವ ವ್ಯವಹಾರದ ಕಂಪನಿಯೊಂದರಲ್ಲಿ. ಮನೆ ಸುಬಾಂಗ್ ಜಯಾದಲ್ಲಿ. ಇಲ್ಲಿ ಎದುರಿಗೆ ಸಿಕ್ಕವರು ಕ್ಷೇಮ ಕೇಳುವುದಿಲ್ಲ, ‘ಮಾಕನ್ ಆಯಿತಾ’ ಎಂದು ಊಟವನ್ನೇ ಕೇಳುತ್ತಾರೆ. ನಮ್ಮ ಆಫೀಸಿನಲ್ಲಿ ಬೆಳಗಿನ ತಿಂಡಿ ತಿನ್ನುತ್ತಲೇ ಮಧ್ಯಾಹ್ನದ ಊಟ ಎಲ್ಲಿ ಎಂಬ ಚರ್ಚೆ ಶುರುವಾಗುತ್ತದೆ. ಸಂಬಳ ಹೆಚ್ಚಿಸುವ ವಿಷಯದಲ್ಲಿಯೂ ನಮ್ಮವರು ಅಷ್ಟು ಶ್ರದ್ಧೆಯಿಂದ ವಾದಿಸಿದ್ದನ್ನು ನಾನು ಕಂಡಿಲ್ಲ. ನನ್ನ ಹೆಂಡತಿ ವಸುಧಾ ಮೈಸೂರಿನವಳು, ನಿಲಾಯ್ ಕಡೆಯ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುತ್ತಾಳೆ. ಬೀದಿಬದಿಯ ಚಟ್ನಿಯಲ್ಲಿ ಏನೇನು ವಾಸವಾಗಿದೆ ಎಂದು ಹೆಸರು ಹಿಡಿದು ಹೇಳಬಲ್ಲಳು. ಹೇಳಿ, ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾಳೆ. ಮಗಳು ಮೇಘನಾ ಇಲ್ಲಿಯೇ ಬೆಳೆದವಳು. ನಮ್ಮ ಕನ್ನಡಕ್ಕೆ ಅವಳ ಉತ್ತರ ಇಂಗ್ಲಿಷಿನಲ್ಲಿ, ಕೊನೆಗೊಂದು ‘ಲಾ’ ಸೇರಿಸಿ.

ಇಂಥ ಮನೆಗೆ ನನ್ನ ಅಕ್ಕ ಪದ್ಮಕ್ಕ ಬಂದಳು. ಭಾವ ತೀರಿಕೊಂಡ ಮೇಲೆ ಬದಲಾವಣೆಗೆಂದು ಕರೆಸಿಕೊಂಡದ್ದು. ಭಾವ ಹಾಸನದಲ್ಲಿ ಹೋಟೆಲು ನಡೆಸುತ್ತಿದ್ದರು. ಹೋಟೆಲಿನ ಹಿಂದೆಯೇ ಮನೆ. ಮನೆಗೂ ಹೋಟೆಲಿಗೂ ಒಂದೇ ಅಡುಗೆಮನೆ. ಆ ಅಡುಗೆಮನೆಗೆ ಅಕ್ಕನೇ ದೊರೆ. ಅಂಥವಳು ನಮ್ಮಲ್ಲಿಗೆ ಬಂದು ಹೊರಗಿನ ಊಟವೆಂದರೆ ಒಂದು ಹೆಜ್ಜೆ ಮುಂದಿಡಲಿಲ್ಲ. ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಯಲ್ಲಿ ಮಾಂಸದ ವಾಸನೆ ಎಂದಳು, ಸರಿ. ಶುದ್ಧ ಸಸ್ಯಾಹಾರದ ಬಾಳೆಎಲೆ ಊಟಕ್ಕೆ ಕರೆದರೆ ಅಂದು ಅವಳಿಗೆ ಹಸಿವಿಲ್ಲ. ಇನ್ನೊಮ್ಮೆ ಕರೆದರೆ ಹೊಟ್ಟೆ ಸರಿಯಿಲ್ಲ. “ನೀವು ಹೋಗಿ ಬನ್ನಿ. ನಂಗೆ ಮೊಸರನ್ನ ಉಂಟು” ಎನ್ನುವಳು. ಪೊಟ್ಟಣ ಕಟ್ಟಿಸಿ ತಂದರೆ, ಇಲ್ಲಿಯವರ ಮಾತಿನಲ್ಲಿ ತಪಾವ್ ಮಾಡಿದರೆ, ಅದನ್ನು ಪಾತ್ರೆಗೆ ಬಗ್ಗಿಸಿ ನಮಗೇ ಬಡಿಸುವಳು. ಅಕ್ಕನಿಗೆ ಮಡಿ ಹೆಚ್ಚು ಎಂದು ನಾವು ತೀರ್ಮಾನಿಸಿದೆವು. ಎಲ್ಲಿಯೂ ಉಣ್ಣದವರ ಬಗ್ಗೆ ತೀರ್ಮಾನಕ್ಕೆ ಬರುವುದು ಎಲ್ಲೆಲ್ಲಿಯೂ ಉಣ್ಣುವವರಿಗೆ ಬಹಳ ಸುಲಭ.

ಅಷ್ಟರಲ್ಲಿ ವಸುಧಾಳಿಗೆ ಬೆಲ್ಜಿಯಂ ದೇಶದ ಗೆಂಟ್ ಎಂಬ ಹಳೆಯ ಊರಿನಲ್ಲಿ ಒಂದು ಸಮ್ಮೇಳನ ಬಂತು. ಫ್ಲೆಮಿಶ್ ಜನರ ಪುರಾತನ ವ್ಯಾಪಾರದ ಪಟ್ಟಣ. ನನಗೆ ಆ ದೇಶದ ಪರಿಚಯ ಇದ್ದದ್ದು ಬಂದರಿನ ಮೂಲಕ: ಮಂಜುಗಟ್ಟಿದ ಆಲೂಗಡ್ಡೆ ಕಡ್ಡಿಗಳು ಕಂಟೇನರ್‌ಗಟ್ಟಲೆ ಅಲ್ಲಿಂದ ಬರುತ್ತವೆ. ಆ ಆಲೂಗಡ್ಡೆಯ ತವರನ್ನು ನೋಡಬೇಕೆಂದು ನಾನೂ ಹೊರಟೆ, ಮೇಘನಾ ಹೊರಟಳು, ಅಕ್ಕನನ್ನು ಒಬ್ಬಳನ್ನೇ ಬಿಡಬಾರದೆಂದು ಅವಳನ್ನೂ ಹೊರಡಿಸಿದೆವು. ಅಕ್ಕ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಅಡುಗೆ ಅವಳದ್ದೇ. ಹಾಗಾಗಿ ಬಾಡಿಗೆಗೆ ಒಂದು ಸಣ್ಣ ಮನೆ ಹಿಡಿದೆವು. ಅವಳ ಪೆಟ್ಟಿಗೆಯಲ್ಲಿ ಸೀರೆಗಿಂತ ಹೆಚ್ಚು ಅಕ್ಕಿ ಬೇಳೆ, ನಡುವೆ ಮಗುವಿನಂತೆ ಮಲಗಿಸಿದ ಅಲ್ಯುಮಿನಿಯಂ ಕುಕ್ಕರು.

ಗೆಂಟ್‌ನ ಆ ಮನೆಯ ಒಲೆ ಕುಕ್ಕರನ್ನು ಗುರುತಿಸಲೇ ಇಲ್ಲ. ಅದು ನುಣ್ಣನೆ ಕರಿ ಗಾಜಿನ ಇಂಡಕ್ಷನ್ ಒಲೆ. ಅಲ್ಯುಮಿನಿಯಂ ಪಾತ್ರೆ ಅದರ ಜಾತಿಯದಲ್ಲ. ಅಕ್ಕ ಕುಕ್ಕರನ್ನು ಇಡುವಳು, ಒಲೆ ಕುಂಯ್ ಎಂದು ಆರುವುದು. ಮತ್ತೆ ಇಡುವಳು, ಮತ್ತೆ ಕುಂಯ್. ಆ ಮನೆಯಲ್ಲಿ ಬೇರೆ ಪಾತ್ರೆಗಳಿದ್ದವು. ಆದರೆ ಅವುಗಳಲ್ಲಿ ಮೊದಲಿನವರು ಏನೇನು ಬೇಯಿಸಿದ್ದರೋ ಎಂದು ಅಕ್ಕ ಮುಟ್ಟಲಿಲ್ಲ. ಬಾಳೆಹಣ್ಣು, ಬ್ರೆಡ್ಡು, ಮೊಸರು, ಇಷ್ಟರಲ್ಲಿ ದಿನ ದೂಡಿದಳು.

ನಾನು ಸುಮ್ಮನಿರಲಿಲ್ಲ. ಅವಳಿಗಾಗಿ ಊರೆಲ್ಲ ಊಟ ಹುಡುಕಿದೆ. ಕರಿದ ಆಲೂಗಡ್ಡೆಗಿಂತ ನಿರಪಾಯದ ವಸ್ತು ಯಾವುದು ಎಂದುಕೊಂಡು, ದೊಡ್ಡ ಪೊಟ್ಟಣ ಕೈಗೆ ಬರುವ ಮೊದಲು ಯಾವ ಎಣ್ಣೆ ಎಂದು ಕೇಳಿದೆ. ಅಂಗಡಿಯವನು ಹೆಮ್ಮೆಯಿಂದ ಹಸುವಿನ ಕೊಬ್ಬು ಎಂದ. ಅದೇ ಅಲ್ಲಿಯ ಹಳೆಯ ಪದ್ಧತಿಯಂತೆ. ಇಷ್ಟು ವರ್ಷ ಬಂದರಿನಲ್ಲಿ ಇಳಿಸಿಕೊಂಡ ಆಲೂಗಡ್ಡೆಯನ್ನು ನಾನು ಏನೆಂದು ತಿಳಿದಿದ್ದೆ! ಚೌಕದ ಗಾಡಿಯೊಂದರಲ್ಲಿ ಮೂಗಿನ ಆಕಾರದ ಕೆಂಪು ಮಿಠಾಯಿ ಕಂಡಿತು. ಅದರಲ್ಲಿ ಜೆಲಾಟಿನ್, ಅಂದರೆ ಮೂಳೆಯ ಅಂಟು. ಸೊಪ್ಪಿನ ಸೂಪಿಗೆ ಕೋಳಿಯ ಸಾರು. ಆ ಊರಿನ ತರಕಾರಿಗಳೆಲ್ಲ ಒಂದಲ್ಲ ಒಂದು ಪ್ರಾಣಿಯ ಸ್ನೇಹ ಮಾಡಿಕೊಂಡಿದ್ದವು.

ಒಂದು ಮಧ್ಯಾಹ್ನ ವಸುಧಾ ಸಮ್ಮೇಳನದಲ್ಲಿದ್ದಾಗ ನಾವು ಮೂವರು ನದಿಯ ಮೇಲಿನ ಕಲ್ಲಿನ ಸೇತುವೆಯಲ್ಲಿ ನಿಂತಿದ್ದೆವು. ಅಲ್ಲಿಂದ ಮೂರು ಗೋಪುರಗಳು ಒಂದೇ ಸಾಲಿನಲ್ಲಿ ಕಾಣುತ್ತವೆ. ಎಲ್ಲರೂ ಫೋಟೊ ತೆಗೆಯುವ ಜಾಗ. ಅಕ್ಕ ಕಟ್ಟೆ ಹಿಡಿದುಕೊಂಡು, “ಎಂತ ಮಾರಾಯ, ಗೋಪುರ ತಿರುಗ್ತಾ ಉಂಟಲ್ಲ” ಎಂದಳು. ನಾನು ನಗಬೇಕೆನ್ನುವಷ್ಟರಲ್ಲಿ ಅವಳ ಮುಖ ಬಿಳಚಿಕೊಂಡಿತು. ಮೇಘನಾ ಹಿಡಿದುಕೊಳ್ಳದಿದ್ದರೆ ಬಿದ್ದೇ ಬಿಡುತ್ತಿದ್ದಳು.

ಹತ್ತಿರದ ಬೆಂಚಿನ ಮೇಲೆ ಕೂರಿಸಿದೆವು. ಮೇಘನಾ ಓಡಿ ಕಿತ್ತಳೆ ರಸ ತಂದು ಕುಡಿಸಿದಳು. ನಾನು ವಸುಧಾಳಿಗೆ ಫೋನು ಮಾಡಿದೆ. “ಮೊದ್ಲು ಏನಾದ್ರೂ ಊಟ ಮಾಡಿಸ್ರೀ. ನಿಮ್ಮ ಚರ್ಚೆ ಎಲ್ಲಾ ಆಮೇಲಿಟ್ಕೊಳ್ಳಿ” ಎಂದು ಅವಳು ಗದರಿದಳು. ನನಗೆ ಹೆದರಿಕೆ, ಹೆದರಿಕೆ ನನ್ನಲ್ಲಿ ಯಾವಾಗಲೂ ಸಿಟ್ಟಿನ ವೇಷದಲ್ಲಿ ಹೊರಬರುತ್ತದೆ.

“ನಿನ್ನ ಮಡಿ ನೋಡಿ ನೋಡಿ ಸಾಕಾಯ್ತು ಅಕ್ಕ. ಪ್ರಾಣ ಹೋದ ಮೇಲೆ ಮಡಿ ಯಾರಿಗೆ?” ಎಂದುಬಿಟ್ಟೆ.

ಅಕ್ಕ ಕಿತ್ತಳೆ ರಸವನ್ನು ಬೆಂಚಿನ ಮೇಲಿಟ್ಟಳು. “ಮಡಿ ಅಂತ ನಾನು ಯಾವಾಗ ಹೇಳಿದ್ದು ನಿಂಗೆ?” ಎಂದಳು ಮೆಲ್ಲಗೆ. “ಮಾಂಸದ ಪಾತ್ರೆ ಬೇಡ, ಅದು ಹೌದು. ಆದ್ರೆ ಆ ಬಾಳೆಎಲೆ ಹೋಟೆಲಿಗೆ ಬರ್ಲಿಕ್ಕೆ ನಂಗೆಂತ ಮಡಿ? ಇವರ ಹೋಟೆಲಲ್ಲಿ ಅಷ್ಟು ವರ್ಷ ಒಳಗಿಂದ ಹೊರಗೆ ತಟ್ಟೆ ಹೋಗುದನ್ನೇ ನೋಡಿದವಳು ನಾನು. ಒಂದು ದಿನ ಹೊರಗೆ ಕೂತು ತಿಂದದ್ದಿಲ್ಲ. ಬಾ, ಕೂತ್ಕೋ ಅಂತ ಇವರಿಗೂ ತೋಚ್ಲಿಲ್ಲ, ನಂಗೂ ತೋಚ್ಲಿಲ್ಲ. ಈಗ ಯಾರಾದ್ರೂ ತಂದು ಮುಂದೆ ಇಟ್ರೆ, ಕೈ ಎಲ್ಲಿ ಇಟ್ಕೊಳ್ಳುದು ಅಂತ ನಂಗೆ ಗೊತ್ತಾಗುದಿಲ್ಲ ಮಾರಾಯ. ನಾಚಿಕೆ ಆಗ್ತದೆ.”

ಜಗತ್ತಿನಲ್ಲೆಲ್ಲ ಹೋಟೆಲು ಇಟ್ಟ ಜಿಲ್ಲೆಯವರು ನಾವು. ದಾರಿಹೋಕರಿಗೆಲ್ಲ ಬೆಂಚು ಹಾಕಿದೆವು, ಆ ಬೆಂಚಿನ ಮೇಲೆ ಅಕ್ಕನಿಗೆ ಜಾಗ ಮಾಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಅಷ್ಟು ಹೊತ್ತೂ ಫೋನಿನಲ್ಲಿ ಹುಡುಕುತ್ತಿದ್ದ ಮೇಘನಾ ಒಮ್ಮೆಲೇ ಕೂಗಿದಳು: “ಅಪ್ಪಾ, ಟುಡೇ ಈಸ್ ಥರ್ಸ್‌ಡೇ ಲಾ! ಥರ್ಸ್‌ಡೇ ಈ ಸಿಟೀಲಿ ವೆಜಿಟೇರಿಯನ್ ಡೇ ಅಂತೆ. ಅತ್ತೆ, ದೇರ್ ಈಸ್ ಎ ಪ್ಯೂರ್ ವೆಜ್ ಪ್ಲೇಸ್, ಜಸ್ಟ್ ಬಿಹೈಂಡ್ ದಟ್ ಚರ್ಚ್.”

ಗುರುವಾರ ಮಾಂಸ ಬೇಡ ಎನ್ನುವ ಪದ್ಧತಿಯೊಂದು ಆ ಊರಿನಲ್ಲಿ ನಿಜಕ್ಕೂ ಇದೆ. ಕಾರಣ ಆರೋಗ್ಯ, ಭೂಮಿಯ ಬಿಸಿ ಇತ್ಯಾದಿ. ಆದರೆ ಅಕ್ಕನಿಗೆ ಗುರುವಾರವೆಂದರೆ ಒಂದೇ ಅರ್ಥ. “ರಾಯರ ವಾರ! ಇಲ್ಲಿಯವರೂ ಮಾಡ್ತಾರಾ?” ಎಂದು ಎದ್ದು ನಿಂತಳು. ಎದುರಿನ ಗೋಡೆಯಲ್ಲಿ ಗಡ್ಡದ ಸಂತನೊಬ್ಬ ಕಲ್ಲಾಗಿ ನಿಂತಿದ್ದ. ಅವನಿಗೊಂದು ಕೈ ಮುಗಿದಳು. ನಾನು ತಿದ್ದಲು ಹೋಗಲಿಲ್ಲ. ಅವಳ ಕಾಲಿಗೆ ಬಲ ಬಂದಿತ್ತು, ಅಷ್ಟು ಸಾಕು.

ಅದು ಓಣಿಯೊಳಗಿನ ಇಟ್ಟಿಗೆ ಗೋಡೆಯ ಪುಟ್ಟ ಜಾಗ. ಉದ್ದ ಮೇಜಿನ ಮೇಲೆ ಪಾತ್ರೆಗಳ ಸಾಲು: ಬೀಟ್ರೂಟು, ಬೇಳೆ, ಜವೆ, ಸಾಸಿವೆ ಬೆರೆಸಿ ಕಿವುಚಿದ ಆಲೂಗಡ್ಡೆ. ಬೇಕಾದವರು ತಾವೇ ಬಡಿಸಿಕೊಳ್ಳುವುದು. ಆ ಸಾಲು ಕಂಡದ್ದೇ ಅಕ್ಕನ ಮುಖ ಅರಳಿತು, ಏಕೆಂದರೆ ಅಲ್ಲೊಂದು ಸೌಟು ಇತ್ತು. ತಟ್ಟನೆ ಮೇಜಿನ ಆಚೆ ಬದಿಗೆ ಹೋಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಘನಾಳಿಗೆ ಬಡಿಸಿದಳು, ನನಗೆ ಬಡಿಸಿದಳು. ನನ್ನ ಹಿಂದೆ ನಿಂತಿದ್ದ ಊರಿನ ಮುದುಕರೊಬ್ಬರು ಇದೇ ಇಲ್ಲಿಯ ಕ್ರಮವಿರಬೇಕೆಂದು ತಟ್ಟೆ ಒಡ್ಡಿದರು. ಅವರಿಗೂ ಬಡಿಸಿದಳು. “ಸಾಕಾ? ಇನ್ನೊಂಚೂರು?” ಎಂದು ಕನ್ನಡದಲ್ಲೇ ವಿಚಾರಿಸಿದಳು. ಅವರು ತಲೆಯಾಡಿಸಿದರು, ಇನ್ನೊಂಚೂರು ಬಿತ್ತು. ಅವರ ಹಿಂದೆ ಒಂದು ಸಾಲೇ ಬೆಳೆಯಿತು.

ಒಳಗಿನಿಂದ ಮಾಲಕಿ ಬಂದಳು. ಎತ್ತರದ ಹೆಂಗಸು, ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ. ನಾನು ತಟ್ಟೆ ಇಟ್ಟು ಓಡಿಹೋಗಿ, ನನ್ನಕ್ಕ, ಹೋಟೆಲಿನವಳು, ಬಡಿಸಿಯೇ ಅಭ್ಯಾಸ, ಕೂತು ಉಂಡವಳಲ್ಲ ಎಂದು ಇಂಗ್ಲಿಷಿನಲ್ಲಿ ತೊದಲಿದೆ. ಆಕೆ ಅಕ್ಕನನ್ನು ಒಂದು ಗಳಿಗೆ ನೋಡಿದಳು. ನಂತರ ಅವಳ ಕೈಯಿಂದ ಸೌಟನ್ನು ತೆಗೆದುಕೊಂಡು, ಭುಜ ಹಿಡಿದು ಕಿಟಕಿಯ ಪಕ್ಕದ ಕುರ್ಚಿಗೆ ಕರೆದೊಯ್ದು, “ಗಾ ಜಿಟ್ಟನ್” ಎಂದಳು. ಕೂತುಕೋ ಎಂದಿರಬೇಕು. ಅಕ್ಕ ಕೂತಳು.

ಮಾಲಕಿಯೇ ತಟ್ಟೆ ಬಡಿಸಿ ತಂದಳು. ತಂದು, ಅಲ್ಲಿಯೇ ನಿಂತಳು. ಅಕ್ಕ ಕೈಗಳನ್ನು ಮೇಜಿನ ಮೇಲಿಟ್ಟಳು, ಮಡಿಲಲ್ಲಿಟ್ಟಳು, ಮತ್ತೆ ಮೇಜಿನ ಮೇಲಿಟ್ಟಳು. ಕೊನೆಗೆ ಚಮಚ ಸರಿಸಿ ಕೈಯಲ್ಲೇ ಒಂದು ತುತ್ತು ಕಲಸಿ ಬಾಯಿಗಿಟ್ಟಳು. ಸಾಸಿವೆಯ ಘಾಟು ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ಅದು ಪೂರ್ತಿ ಸಾಸಿವೆಯದೇ ಎಂದು ನಾವೆಲ್ಲ ಒಪ್ಪಿಕೊಂಡೆವು. ತಟ್ಟೆ ಬರಿದಾಯಿತು, ಮತ್ತೆ ತುಂಬಿತು. ಮಾಲಕಿ ಹೇಗಿದೆ ಎಂದು ಕೇಳಿದಾಗ ಅಕ್ಕ ನನ್ನತ್ತ ತಿರುಗಿ, “ಬೀಟ್ರೂಟಿಗೆ ಒಗ್ಗರಣೆ ಹಾಕ್ಲಿಲ್ಲ, ಪಾಪ. ಆದ್ರೆ ಹೇಳ್ಬೇಡ. ಒಳ್ಳೆದುಂಟು ಅಂತ ಹೇಳು” ಎಂದಳು. ಹಾಗೆಯೇ ಹೇಳಿದೆ. ಉಳಿದ ದಿನಗಳಲ್ಲಿ ಮಧ್ಯಾಹ್ನವಾದೊಡನೆ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಲ್ಲುತ್ತಿದ್ದವಳು ಅವಳೇ.

ನಾನು ಎಣಿಸಿದ್ದೆ, ಕಥೆ ಅಲ್ಲಿಗೆ ಮುಗಿಯಿತೆಂದು. ಸುಬಾಂಗ್ ಜಯಾಕ್ಕೆ ಮರಳಿದ ಮೇಲೆ ಒಂದು ಭಾನುವಾರ ಮನೆಯಲ್ಲೇ ಊಟ. ಎಂದಿನಂತೆ ನಾನು ಕೂತೆ, ಮೇಘನಾ ಕೂತಳು. ವಸುಧಾ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಅಕ್ಕ ಒಳಗಿನಿಂದ ಬಂದು ಕುರ್ಚಿ ಎಳೆದು ಕೂತು, ಪಕ್ಕದ ಕುರ್ಚಿಯನ್ನೂ ಎಳೆದಳು.

“ವಸುಧಾ, ನೀನು ಕೂತ್ಕೋ.”

“ಬಡಿಸಿಬಿಟ್ಟು ಕೂತ್ಕೋತೀನಿ ಅಕ್ಕ.”

“ಬೇಡ. ಇವ ಇದ್ದಾನಲ್ಲ, ಇವ ಬಡಿಸ್ತಾನೆ.”

ಇವ ಎಂದರೆ ನಾನು. ಮೇಘನಾ ತನ್ನ ತಟ್ಟೆಯನ್ನು ನನ್ನ ಕಡೆ ಚಾಚಿ, “ಕಮ್ ಲಾ ಅಪ್ಪಾ, ಹಂಗ್ರಿ ಆಲ್ರೆಡಿ” ಎಂದಳು. ನಾನು ಎದ್ದು ಪಾತ್ರೆ ತೆಗೆದುಕೊಂಡೆ, ವಸುಧಾ ಕೂತಳು. ಮೊದಲ ಸೌಟು ಮೇಜಿನ ಬಟ್ಟೆಗೆ, ಎರಡನೆಯದು ಅನ್ನಕ್ಕೆ. “ಅಷ್ಟು ಮೇಲಿಂದ ಹೊಯ್ಯುದಾ? ಬಗ್ಗು, ಬಗ್ಗು” ಎಂದು ಅಕ್ಕ ಕೂತಲ್ಲಿಂದಲೇ ಪಾಠ ಹೇಳಿದಳು. ವಸುಧಾ ಉಣ್ಣುವುದನ್ನು ಬಿಟ್ಟು ನಗುತ್ತಿದ್ದಳು.

ಅಂದಿನಿಂದ ಇದೇ ನಡೆದಿದೆ. ಉಡುಪಿ ಕಡೆಯ ಹೋಟೆಲುಗಳಲ್ಲಿ ಬಡಿಸುವವನನ್ನು ಮಾಣಿ ಎನ್ನುತ್ತಾರೆ. ನಮ್ಮ ಮನೆಯ ಮಾಣಿಗೆ ವಯಸ್ಸು ಐವತ್ತು ದಾಟಿದೆ, ಸೊಂಟ ಬಗ್ಗುವುದಿಲ್ಲ, ಕೆಲಸ ಇನ್ನೂ ಕಲಿಯುತ್ತಿದ್ದಾನೆ. ಗಿರಾಕಿಗಳು ಮೂವರೇ ಆದರೂ ದೂರುಗಳಿಗೆ ಬರವಿಲ್ಲ.